2026ರ ಒಳಾಂಗಣ: ಹೊಸ ಮನೆಗೆ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಮೈಸೂರಿನ ಹೊಸಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿಸುತ್ತಿರುವ ನಮ್ಮ ಮನೆಯ ಗಿಲಾವಿನ ಕೆಲಸ ಈಗಷ್ಟೇ ಮುಗಿದಿದೆ. ಗೋಡೆಗಳಿಗೆ ಇನ್ನೂ ಪುಟ್ಟಿ ಬಳಿದಿಲ್ಲ, ನೆಲಕ್ಕೆ ಏನು ಹಾಕಿಸಬೇಕೆಂಬುದೂ ತೀರ್ಮಾನವಾಗಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಳಾಂಗಣದ ಕೆಲಸವನ್ನು ಆರಂಭಿಸಿ ವೈಶಾಖದಲ್ಲಿ ಗೃಹಪ್ರವೇಶ ಮಾಡಬೇಕೆಂಬುದು ನಮ್ಮ ಎಣಿಕೆ. ಮನೆಯಲ್ಲಿ ನಾವಿಬ್ಬರು, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಮತ್ತು ಮೊಣಕಾಲು ನೋವಿನಿಂದ ಬಳಲುತ್ತಿರುವ ನಮ್ಮ ಅತ್ತೆಯವರು ಇದ್ದೇವೆ.

ನಾವು ಮಾತನಾಡಿಸಿದ ಒಳಾಂಗಣ ವಿನ್ಯಾಸಕರು ತ್ರೀಡಿ ಚಿತ್ರಗಳನ್ನು ತೋರಿಸಿ, ಬರುವ ವರ್ಷ ಎಲ್ಲರೂ ಕೇಳುತ್ತಿರುವುದು ಇದನ್ನೇ ಎಂದು ಹೇಳಿದ್ದಾರೆ. ಆ ಚಿತ್ರಗಳಲ್ಲಿ ಹಾಲಿನ ಒಂದು ಗೋಡೆಗೆ ಮಣ್ಣುಬಣ್ಣದ ಲೈಮ್ ವಾಶ್ ಇದೆ, ಟಿವಿಯ ಹಿಂದೆ ನೆಲದಿಂದ ಸೂರಿನವರೆಗೆ ಗೀರು ಗೀರಾದ ಫ್ಲೂಟೆಡ್ ಹಲಗೆಗಳಿವೆ, ಊಟದ ಜಾಗಕ್ಕೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲ, ಅಡುಗೆಯ ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಇದೆ, ಎಲ್ಲ ಕೋಣೆಗಳಿಗೂ ಫಾಲ್ಸ್ ಸೀಲಿಂಗ್ ಮತ್ತು ಅದರ ಅಂಚಿನಲ್ಲಿ ಅಡಗಿಸಿದ ದೀಪಗಳಿವೆ, ದೇವರ ಗೂಡಿಗೆ ಕಮಾನಿದೆ, ಕೂರುವುದಕ್ಕೆ ಬೆತ್ತದ ಕುರ್ಚಿಗಳಿವೆ. ನೋಡಲು ಚೆನ್ನಾಗಿಯೇ ಇದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಯಜಮಾನರಿಗಂತೂ ಎಲ್ಲವೂ ಹಿಡಿಸಿದೆ.

ಆದರೆ ಅಡುಗೆಮನೆಯಲ್ಲಿ ದಿನವೂ ನಿಲ್ಲುವವಳು ನಾನು, ಮನೆಯನ್ನು ಗುಡಿಸಿ ಒರೆಸುವ ಹೊಣೆಯೂ ಬಹುಪಾಲು ನನ್ನದೇ. ಸಾಲ ಮಾಡಿ ಕಟ್ಟಿಸುತ್ತಿರುವ ಮನೆಯಾದ್ದರಿಂದ ಇನ್ನು ಹದಿನೈದು ವರ್ಷ ಒಳಾಂಗಣಕ್ಕೆ ಮತ್ತೆ ದೊಡ್ಡ ಹಣ ಹಾಕುವ ಸ್ಥಿತಿಯಲ್ಲಿ ನಾವಿಲ್ಲ. ಇವುಗಳಲ್ಲಿ ಯಾವುದು ನಮ್ಮ ಬಗೆಯ ಬಾಳ್ವೆಗೆ ಹೊಂದುತ್ತದೆ, ಯಾವುದು ಎರಡು ವರ್ಷಕ್ಕೆ ಹಳತಾಗುತ್ತದೆ, ಗೃಹಪ್ರವೇಶದ ನಂತರವೂ ನಿಧಾನವಾಗಿ ಮಾಡಿಸಿಕೊಳ್ಳಬಹುದಾದದ್ದು ಯಾವುದು ಎಂಬುದನ್ನು ಅನುಭವಸ್ಥರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಸುಣ್ಣಗಾರೆ, ಬೆಂಗಳೂರು

ನಾನು ಮನೆಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡುತ್ತಿರುವವನು. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ, ಏಕೆಂದರೆ ಪುಟ್ಟಿ ಬಳಿಯುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಯೊಂದು ನಿಮ್ಮ ಪಟ್ಟಿಯಲ್ಲಿದೆ. ಲೈಮ್ ವಾಶ್ ಎಂಬ ಹೆಸರಿನಲ್ಲಿ ಇಂದು ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಒಂದು, ಸುಣ್ಣದ ಮೋಡ ಮೋಡವಾದ ನೋಟವನ್ನು ಅನುಕರಿಸುವ ಅಕ್ರಿಲಿಕ್ ಬಣ್ಣ. ಅದನ್ನು ಪುಟ್ಟಿಯ ಮೇಲೆ ಯಾವಾಗ ಬೇಕಾದರೂ ಬಳಿಯಬಹುದು, ಬೇಸರವಾದರೆ ಅದರ ಮೇಲೆಯೇ ಬೇರೆ ಬಣ್ಣ ಹಚ್ಚಬಹುದು. ಇನ್ನೊಂದು ನಿಜವಾದ ಸುಣ್ಣ. ಅರಳಿಸಿ ಸೋಸಿದ ಸುಣ್ಣವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಬಳಿದಾಗ ಅದು ಗಿಲಾವಿನ ಒಳಕ್ಕೆ ಇಳಿದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಕ್ರಿಲಿಕ್ ಪುಟ್ಟಿಯ ಮೇಲೆ ಅದಕ್ಕೆ ಹಿಡಿತ ಸಿಗುವುದಿಲ್ಲ, ಕೆಲವೇ ತಿಂಗಳಲ್ಲಿ ಪುಡಿಯಾಗಿ ಉದುರುತ್ತದೆ. ಆದ್ದರಿಂದ ನಿಜವಾದ ಸುಣ್ಣ ಬೇಕೆಂದಿದ್ದರೆ ಆ ಒಂದು ಗೋಡೆಯನ್ನು ಪುಟ್ಟಿಯಿಲ್ಲದೆ ಬಿಡುವಂತೆ ಮೇಸ್ತ್ರಿಗೆ ಇಂದೇ ಹೇಳಿ. ಹಿಂದೆ ಹಬ್ಬದ ಮುಂಚೆ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದುದನ್ನೂ, ಒರಗಿ ಕೂತವರ ಅಂಗಿಗೆ ಅದು ಹತ್ತುತ್ತಿದ್ದುದನ್ನೂ ನೋಡಿದವರಿಗೆ ಈ ಫ್ಯಾಷನ್ನಿನ ಗುಣವೂ ಗೊತ್ತು, ದೋಷವೂ ಗೊತ್ತು. ಸೋಫಾದ ಬೆನ್ನು ತಾಗುವ ಗೋಡೆಗೆ ಅದನ್ನು ಬಳಿಸಬೇಡಿ.

ಇನ್ನು ಬಣ್ಣದ ವಿಚಾರ. ಅಮೆರಿಕದ ಪ್ಯಾಂಟೋನ್ ಸಂಸ್ಥೆ ಪ್ರತಿ ವರ್ಷಕ್ಕೆ ಒಂದು ಬಣ್ಣವನ್ನು ಘೋಷಿಸುತ್ತದೆ. 2024ಕ್ಕೆ ಪೀಚ್ ಹಣ್ಣಿನ ಬಣ್ಣ, 2025ಕ್ಕೆ ಕಾಫಿ ಕಂದು, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಬಿಳುಪು. ಈ ಮೂರನ್ನೂ ನಂಬಿದವರು ಮೂರು ವರ್ಷಗಳಲ್ಲಿ ಮೂರು ಸಲ ಬಣ್ಣ ಬಳಿಸಬೇಕಾಗುತ್ತಿತ್ತು. ಆದರೆ ವರ್ಷದ ಬಣ್ಣಗಳ ಕೆಳಗೆ ನಿಧಾನವಾಗಿ ಹರಿಯುತ್ತಿರುವ ಬದಲಾವಣೆಯೊಂದಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಸುಮಾರು ಹತ್ತು ವರ್ಷ ಎಲ್ಲೆಡೆ ಆಳಿದ ಬೂದು ಮತ್ತು ಹೊಳೆಯುವ ಬಿಳಿಯಿಂದ ಜನ ಹಿಂದೆ ಸರಿದು ಮಣ್ಣು, ಇಟ್ಟಿಗೆ, ಮರ, ಬೆಲ್ಲ ಇವುಗಳ ಬಣ್ಣಕ್ಕೆ ಬರುತ್ತಿದ್ದಾರೆ; ಹೊಳಪಿನ ಬದಲು ಮಂಕು ಮೇಲ್ಮೈಯನ್ನು ಕೇಳುತ್ತಿದ್ದಾರೆ. ಮೊಸಾಯಿಕ್ ನೆಲವು ಟೆರಾಝೋ ಎಂಬ ಹೆಸರಿನಲ್ಲಿ ಮರಳಿ ಬಂದಿರುವುದು ಇದರ ಭಾಗವೇ. ನಮ್ಮ ಧೂಳಿಗೂ ಬಿಸಿಲಿಗೂ ಬೂದು ಬಣ್ಣಕ್ಕಿಂತ ಈ ಬಣ್ಣಗಳೇ ಹೆಚ್ಚು ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ.

ನೆಲದ ವಿಷಯದಲ್ಲಿ ಮಾತ್ರ ನಾನು ಎಚ್ಚರಿಕೆಯ ಪಕ್ಷ. ರೆಡ್ ಆಕ್ಸೈಡ್ ನೆಲ ಮತ್ತೆ ಬೇಡಿಕೆಗೆ ಬಂದಿದೆ. ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ, ಒಂದು ಕೋಣೆಯ ನೆಲವನ್ನು ಒಂದೇ ದಿನದಲ್ಲಿ ಹಾಕಿ, ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸಿ, ಅನಂತರ ದಿನಗಟ್ಟಲೆ ನೀರು ನಿಲ್ಲಿಸಬೇಕು. ಕೈ ಪಳಗಿದ ಗಾರೆಯವರು ಸಿಗದಿದ್ದರೆ ಬಣ್ಣ ತೇಪೆ ತೇಪೆಯಾಗುತ್ತದೆ, ಎಲ್ಲ ಸರಿಯಾಗಿದ್ದರೂ ಕೂದಲೆಳೆಯಷ್ಟು ಬಿರುಕುಗಳು ಬಂದೇ ಬರುತ್ತವೆ. ತಮಿಳುನಾಡಿನ ಚೆಟ್ಟಿನಾಡಿನಿಂದ ಬರುವ ಆತ್ತಂಗುಡಿ ಟೈಲ್ಸ್ ಕೂಡ ಸುಟ್ಟು ಮಾಡಿದವಲ್ಲ. ಗಾಜಿನ ಹಾಳೆಯ ಮೇಲೆ ಬಣ್ಣದ ಸಿಮೆಂಟನ್ನು ಕೈಯಿಂದ ಸುರಿದು, ನೀರಿನಲ್ಲಿ ಮುಳುಗಿಸಿಟ್ಟು ಗಟ್ಟಿ ಮಾಡಿದವು. ಓಡಾಡಿದಷ್ಟೂ ಹೊಳಪೇರುತ್ತವೆ ನಿಜ, ಆದರೆ ಸ್ನಾನದ ಮನೆ ತೊಳೆಯುವ ಆಸಿಡ್ಡಿನ ಒಂದು ಹನಿ ಬಿದ್ದರೂ ಬಣ್ಣ ಹೋಗುತ್ತದೆ. ಜಗಲಿಗೆ ಅಥವಾ ದೇವರ ಮನೆಗೆ ಇವುಗಳನ್ನು ಹಾಕಿಸಿ, ಉಳಿದೆಡೆ ಮಂಕು ಮೇಲ್ಮೈಯ ಸಾಧಾರಣ ವಿಟ್ರಿಫೈಡ್ ಟೈಲ್ಸ್ ಸಾಕು.

ಕಮಾನಿನ ಗೂಡಿನ ಬಗ್ಗೆ ಒಂದೇ ಮಾತು. ಹಳೆಯ ಮನೆಗಳಲ್ಲಿ ದೀಪದ ಗೂಡನ್ನು ಕೊರೆಯಲು ಸಾಧ್ಯವಾಗಿದ್ದು ಗೋಡೆ ಒಂದೂವರೆ ಅಡಿ ದಪ್ಪವಿದ್ದುದರಿಂದ. ನಿಮ್ಮ ಒಳಗೋಡೆ ನಾಲ್ಕು ಇಂಚಿನದಾಗಿದ್ದರೆ ಅದನ್ನು ಕೊರೆಯಲು ಬಿಡಬೇಡಿ.

ಉತ್ತರ: ಉಳಿ ಸುತ್ತಿಗೆ, ತುಮಕೂರು

ಮರಗೆಲಸದ ಗುತ್ತಿಗೆ ಮಾಡುವವನಾಗಿ ನನ್ನ ಮೊದಲ ಮಾತು ಬೀರುಗಳ ಬಗ್ಗೆ. ನಿಮ್ಮ ಚಿತ್ರಗಳಲ್ಲಿ ಬಾಗಿಲುಗಳು ನೆಲದಿಂದ ಸೂರಿನವರೆಗೆ ಒಂದೇ ತುಂಡಾಗಿರಬಹುದು, ಈಗ ಎಲ್ಲರೂ ಅದನ್ನೇ ಬಯಸುತ್ತಾರೆ. ಪ್ಲೈವುಡ್ ಹಾಳೆ ಬರುವುದು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕೆ. ಅಷ್ಟು ಎತ್ತರದ ಒಂಟಿ ಬಾಗಿಲು ಋತು ಬದಲಾದಂತೆ ಬಾಗುತ್ತದೆ, ಬಾಗಿದ ಮೇಲೆ ಪಕ್ಕದ ಬಾಗಿಲಿನೊಂದಿಗೆ ಸೇರುವುದಿಲ್ಲ. ಏಳು ಅಡಿಯ ಹತ್ತಿರ ಬಾಗಿಲನ್ನು ಮುಗಿಸಿ, ಅದರ ಮೇಲೆ ಅಟ್ಟಕ್ಕೆ ಬೇರೆ ಬಾಗಿಲು ಇಡಿಸುವುದು ಹಳೆಯ ಪದ್ಧತಿಯಂತೆ ಕಂಡರೂ ಬಾಳಿಕೆ ಬರುವುದು ಅದೇ. ಹಾಗೆಯೇ ಹೊರಗಡೆಗೆ ಒಂದು ಮಿಲಿಮೀಟರಿನ ಲ್ಯಾಮಿನೇಟ್ ಅಂಟಿಸಿ ಒಳಗಡೆಯನ್ನು ಬರಿದೇ ಬಿಟ್ಟರೂ ಬಾಗಿಲು ಬಾಗುತ್ತದೆ. ಒಳಗಡೆಗೂ ತೆಳುವಾದ ಲ್ಯಾಮಿನೇಟ್ ಹಾಕಬೇಕೆಂದು ಅಂದಾಜು ಪಟ್ಟಿಯಲ್ಲಿಯೇ ಬರೆಸಿಕೊಳ್ಳಿ.

ಪ್ಲೈವುಡ್ಡಿನ ದರ್ಜೆಯ ಹೆಸರಿನಲ್ಲಿ ಗಿರಾಕಿಗಳನ್ನು ಹೆದರಿಸುವುದು ನಮ್ಮ ಕಸುಬಿನಲ್ಲಿ ನಡೆಯುತ್ತದೆ. ಐಎಸ್ 710 ಎಂಬುದು ಮೆರೈನ್ ದರ್ಜೆ, ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದೆಂಬುದು ನಿಯಮ. ಸಿಂಕಿನ ಕೆಳಗೆ, ಯುಟಿಲಿಟಿಯಲ್ಲಿ, ಸ್ನಾನದ ಮನೆಯ ಗೋಡೆಗೆ ಬೆನ್ನು ಕೊಟ್ಟ ಬೀರುವಿಗೆ ಅದು ಬೇಕು. ಒಣಗಿದ ಮಲಗುವ ಕೋಣೆಯ ಬೀರುವಿಗೆ ಐಎಸ್ 303ರ ಬಿಡಬ್ಲ್ಯೂಆರ್, ಅಂದರೆ ಕುದಿನೀರನ್ನು ತಡೆಯುವ ದರ್ಜೆ ಧಾರಾಳವಾಗಿ ಸಾಕು. ಹಾಳೆಯ ಮೇಲೆ ಐಎಸ್‌ಐ ಗುರುತೂ ಈ ಸಂಖ್ಯೆಯೂ ಅಚ್ಚಾಗಿರುವುದನ್ನು, ಕತ್ತರಿಸುವ ಮೊದಲೇ, ನೀವೇ ನೋಡಿ.

ಫ್ಲೂಟೆಡ್ ಹಲಗೆ ನೋಡಲು ಚಂದ, ಅದನ್ನು ಮಾಡಿ ಕೊಡುವುದರಲ್ಲಿ ನಮಗೆ ಲಾಭವೂ ಇದೆ. ಆದರೂ ಹೇಳುತ್ತೇನೆ: ರಸ್ತೆಬದಿಯ ಮನೆಯಾದರೆ ಪ್ರತಿ ಗೀರಿನಲ್ಲೂ ಧೂಳು ಕೂರುತ್ತದೆ, ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ, ಬ್ರಷ್ ಹಿಡಿದು ಗೀರು ಗೀರನ್ನೂ ಉಜ್ಜಬೇಕು. ಗೋಡೆಪೂರ್ತಿ ಬೇಕೆಂಬುದನ್ನು ಬಿಟ್ಟು, ಚಪ್ಪಲಿ ಗೂಡಿನ ಬಾಗಿಲಿಗೋ ದೇವರ ಕೋಣೆಯ ಪಕ್ಕದ ಒಂದು ಪಟ್ಟಿಗೋ ಸೀಮಿತಗೊಳಿಸಿದರೆ ಆಸೆಯೂ ತೀರುತ್ತದೆ. ಟಿವಿಯ ಹಿಂದೆ ಹಾಕಿಸಿದರಂತೂ ಇನ್ನೊಂದು ತೊಡಕಿದೆ. ನಾಳೆ ಅದಕ್ಕಿಂತ ದೊಡ್ಡ ಟಿವಿ ತಂದಾಗ ಹಳೆಯ ಮೊಳೆಯ ತೂತುಗಳು, ವೈರಿನ ಜಾಗ ಎಲ್ಲವೂ ಹೊರಗೆ ಕಾಣುತ್ತವೆ.

ಹಿಡಿಕೆಯಿಲ್ಲದ ಅಡುಗೆಮನೆ ಬಾಗಿಲುಗಳನ್ನೂ ನಾನು ಒಪ್ಪುವುದಿಲ್ಲ. ಕೈಯ ಎಣ್ಣೆಯೆಲ್ಲ ಬಾಗಿಲಿನ ಅಂಚಿಗೇ ಹತ್ತುತ್ತದೆ. ನಿಮ್ಮೂರಿನಿಂದ ಬೆಂಗಳೂರಿಗೆ ಬರುವ ದಾರಿಯಲ್ಲೇ ಚನ್ನಪಟ್ಟಣವಿದೆ. ಆಟಿಕೆ ಕಡೆಯುವ ಅದೇ ಕುಶಲಕರ್ಮಿಗಳು ಈಗ ಅರಗಿನ ಬಣ್ಣ ಹತ್ತಿಸಿದ ಮರದ ಗುಬ್ಬಿ ಹಿಡಿಕೆಗಳನ್ನೂ ಮಾಡುತ್ತಿದ್ದಾರೆ. ಮಗಳ ಕೋಣೆಯ ಬೀರುವಿಗೆ ಅಂಥವು ಚೆನ್ನಾಗಿ ಒಪ್ಪುತ್ತವೆ, ನೀರು ತಾಗುವ ಕಡೆಗೆ ಮಾತ್ರ ಬೇಡ.

ವೈಶಾಖದ ಮುಹೂರ್ತವೆಂದು ಅವಸರಪಟ್ಟು ಹಸಿ ಗೋಡೆಗೆ ಬೀರು ಕೂರಿಸಬೇಡಿ. ಗಿಲಾವಿನ ತೇವ ಹೊರಹೋಗಲು ದಾರಿ ಸಿಗದೆ ಬೀರುವಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಕೊನೆಯದಾಗಿ, ಅಂದಾಜು ಪಟ್ಟಿಯಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ, ಚದರಡಿಯ ಅಳತೆ ಬೀರುವಿನ ಮುಖದ್ದೇ ಅಥವಾ ಒಳಗಿನ ಖಾನೆಗಳನ್ನೂ ಬಿಡಿಸಿ ಎಣಿಸಿದ್ದೇ ಎಂಬುದನ್ನು ಕೇಳಿ ತಿಳಿಯದೆ ಮುಂಗಡ ಕೊಡಬೇಡಿ. ಎರಡು ಕಡೆಯ ದರಗಳನ್ನು ಹೋಲಿಸುವಾಗ ಜನ ಎಡವುವುದು ಇಲ್ಲಿಯೇ.

ಉತ್ತರ: ಕಡಲ ತಡಿ, ಮಂಗಳೂರು

ತೆರೆದ ಅಡುಗೆಮನೆಯ ಬಗ್ಗೆ ಯಾರೂ ಮಾತನಾಡಿಲ್ಲವೆಂದು ಬರೆಯುತ್ತಿದ್ದೇನೆ. ಗೋಡೆಯಿಲ್ಲದ ಅಡುಗೆಮನೆಯ ಕಲ್ಪನೆ ಬಂದಿರುವುದು ಬೇಯಿಸುವ, ಸುಡುವ ಅಡುಗೆಯ ದೇಶಗಳಿಂದ. ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು, ಸಾಸಿವೆ ಸಿಡಿಸಿ ಒಗ್ಗರಣೆ ಕೊಡುವ ಮನೆಯಲ್ಲಿ ಆ ಘಾಟು ಸೋಫಾದ ಬಟ್ಟೆಗೂ ಪರದೆಗೂ ಹತ್ತದೆ ಇರುವುದಿಲ್ಲ. ಚಿಮಣಿ ಇದೆಯಲ್ಲ ಎಂದು ವಿನ್ಯಾಸಕರು ಹೇಳುತ್ತಾರೆ. ಚಿಮಣಿ ಕೆಲಸ ಮಾಡುವುದು ಅದರ ಕೊಳವೆ ಗಿಡ್ಡವಾಗಿದ್ದು, ತಿರುವುಗಳು ಕಡಿಮೆಯಿದ್ದು, ಹೊಗೆಯನ್ನು ನೇರವಾಗಿ ಹೊರಗೋಡೆಯಿಂದಾಚೆ ತಳ್ಳುವಂತಿದ್ದಾಗ ಮಾತ್ರ. ಒಲೆಯನ್ನು ಮನೆಯ ಮಧ್ಯದ ದ್ವೀಪದಂಥ ಕಟ್ಟೆಗೆ ತಂದು, ಕೊಳವೆಯನ್ನು ಫಾಲ್ಸ್ ಸೀಲಿಂಗಿನೊಳಗೆ ಸುತ್ತಾಡಿಸಿದರೆ ಹೆಚ್ಚು ಶಕ್ತಿಯ ಯಂತ್ರವೂ ಸದ್ದು ಮಾಡುತ್ತದೆಯೇ ಹೊರತು ಹೊಗೆಯನ್ನು ಎಳೆಯುವುದಿಲ್ಲ. ಊಟದ ಮೇಜು ಕಾಣುತ್ತಿರಬೇಕು, ಬೆಳಕು ಹರಿಯಬೇಕು ಎಂಬ ಆಸೆ ನ್ಯಾಯವಾದದ್ದೇ. ಅದಕ್ಕೆ ಸರಿಯುವ ಗಾಜಿನ ಬಾಗಿಲು ಹಾಕಿಸಿ, ಒಗ್ಗರಣೆಯ ಹೊತ್ತಿನಲ್ಲಿ ಮುಚ್ಚಿ, ಉಳಿದ ಹೊತ್ತು ತೆರೆದಿಡಿ. ಒಲೆಯನ್ನು ಹೊರಗೋಡೆಗೆ ಆನಿಸಿಯೇ ಇಡಿಸಿ.

ಬಿಳಿ ಕ್ವಾರ್ಟ್ಜ್ ಕಟ್ಟೆಯನ್ನು ನಾನಾದರೆ ಖಂಡಿತ ಹಾಕಿಸುವುದಿಲ್ಲ. ಅದು ಗಣಿಯಿಂದ ಬಂದ ಕಲ್ಲಲ್ಲ, ಕಲ್ಲಿನ ಪುಡಿಯನ್ನು ರಾಳದಂಥ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಒಲೆಯಿಂದಿಳಿಸಿದ ಬಾಣಲೆಯನ್ನು ಹಾಗೆಯೇ ಇಟ್ಟರೆ ಆ ಅಂಟು ಸುಟ್ಟು ಹಳದಿಯಾಗುತ್ತದೆ. ಅರಿಸಿನ ಚೆಲ್ಲಿದರೆ ಕೂಡಲೇ ಒರೆಸಬೇಕು, ರಾತ್ರಿಯಿಡೀ ಉಳಿದರೆ ಕಲೆ ಹೋಗಿಸುವುದು ಕಷ್ಟ. ಇನ್ನೊಂದು ಸಂಗತಿಯನ್ನು ಗ್ರಾಹಕರಾಗಿ ನಾವು ಯೋಚಿಸುವುದೇ ಇಲ್ಲ. ಈ ಹಲಗೆಯಲ್ಲಿ ಸಿಲಿಕಾ ಅಂಶ ಬಹಳ ಹೆಚ್ಚು, ಒಣದಾಗಿ ಕತ್ತರಿಸುವಾಗ ಏಳುವ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಎಂಬ ರೋಗ ತರುತ್ತದೆ. ಇದೇ ಕಾರಣಕ್ಕೆ ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದರ ತಯಾರಿಕೆ, ಪೂರೈಕೆ ಮತ್ತು ಅಳವಡಿಕೆಯನ್ನೇ ನಿಷೇಧಿಸಿತು. ನಿಮಗೆ ಚಾಮರಾಜನಗರದ ಕಪ್ಪು ಕಲ್ಲು ಪಕ್ಕದ ಜಿಲ್ಲೆಯಿಂದಲೇ ಸಿಗುವಾಗ ಬಿಳಿ ಹಲಗೆಯ ಹಂಗೇಕೆ? ಹೊಳಪು ಬೇಡವೆಂದರೆ ಅದೇ ಕಲ್ಲು ಈಗ ಲೆದರ್ ಫಿನಿಶ್‌ನಲ್ಲಿ ಬರುತ್ತದೆ, ಚರ್ಮದಂತೆ ಸ್ವಲ್ಪ ಒರಟಾಗಿ, ಮಂಕಾಗಿ ಕಾಣುತ್ತದೆ. ಹೊಸ ಫ್ಯಾಷನ್ನು ಬೇಕೆನ್ನುವ ನಿಮ್ಮ ಯಜಮಾನರಿಗೂ ಅದು ಒಪ್ಪಿಗೆಯಾಗಬಹುದು. ಯಾವ ಕಲ್ಲಾದರೂ ಸರಿ, ನೀರು ಬಿಟ್ಟುಕೊಂಡು, ಮನೆಯ ಹೊರಗೆ ಕತ್ತರಿಸಲು ಹೇಳಿ.

ಕಟ್ಟೆಯ ಎತ್ತರವನ್ನು ಚಿತ್ರ ನೋಡಿ ತೀರ್ಮಾನಿಸಬೇಡಿ. ನೀವು ನಿಂತು ಮೊಣಕೈ ಮಡಚಿದಾಗ ಕಟ್ಟೆಯು ಅದಕ್ಕಿಂತ ಸುಮಾರು ಅರ್ಧ ಗೇಣಿನಷ್ಟು ಕೆಳಗಿದ್ದರೆ ಹೆಗಲು ನೋಯುವುದಿಲ್ಲ.

ಬೆತ್ತದ ಕುರ್ಚಿಗಳ ವಿಷಯದಲ್ಲಿ ನಿಮ್ಮ ಊರಿನವರು ಪುಣ್ಯವಂತರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ ಆಷಾಢದಲ್ಲಿ ಬೆತ್ತದ ಮೇಲೆ ಬಿಳಿ ಬೂಷ್ಟು ಬರುತ್ತದೆ, ಬೀರುವಿನ ಬಾಗಿಲಿಗೆ ಬೆತ್ತದ ಜಾಳಿಗೆ ಹಾಕಿಸಿದವರು ಮಳೆಗಾಲ ಮುಗಿಯುವವರೆಗೂ ಒರೆಸುತ್ತಲೇ ಇರುತ್ತಾರೆ. ಮೈಸೂರಿನ ಹವೆಗೆ ಆ ಭಯವಿಲ್ಲ. ಹೆಣಿಗೆ ಸಡಿಲವಾದರೆ ಅಡಿಭಾಗಕ್ಕೆ ನೀರು ಚಿಮುಕಿಸಿ ಬಿಸಿಲಿಗೆ ಇಟ್ಟರೆ ಮತ್ತೆ ಬಿಗಿಯುತ್ತದೆ.

ಉತ್ತರ: ಅಂಗಳದ ಬೆಳಕು, ಧಾರವಾಡ

ಮೇಲಿನವರ ಎಚ್ಚರಿಕೆಗಳನ್ನೆಲ್ಲ ಓದಿದೆ. ಅವುಗಳಲ್ಲಿ ಬಹಳಷ್ಟು ಸರಿಯಿವೆ, ಆದರೆ ಸುಣ್ಣಗಾರೆಯವರ ನೆಲದ ಮಾತನ್ನು ನಾನು ಒಪ್ಪಲಾರೆ. ಕಲೆಯಾದೀತು, ಬಿರುಕು ಬಿಟ್ಟೀತು ಎಂಬ ಅಂಜಿಕೆಯಿಂದಲೇ ನಾವು ಊರೂರಿಗೆ ಒಂದೇ ನಮೂನೆಯ ನೆಲ ಹಾಕಿಸಿಕೊಂಡು, ಬೀದರಿನ ಮನೆಗೂ ಕೊಡಗಿನ ಮನೆಗೂ ವ್ಯತ್ಯಾಸವೇ ಇಲ್ಲದಂತೆ ಮಾಡಿದ್ದೇವೆ. ಉಳಿದ ಫ್ಯಾಷನ್ನುಗಳೆಲ್ಲ ಹೊರಗಿನಿಂದ ಬಂದವು. ಈ ಒಂದು ಮಾತ್ರ ನಮ್ಮ ಅಜ್ಜ-ಅಜ್ಜಿಯರ ಪಡಸಾಲೆಯಿಂದ ಎದ್ದು ಬಂದದ್ದು. ಅದನ್ನು ಜಗಲಿಯ ಮೂಲೆಗೆ ಸೀಮಿತಗೊಳಿಸಿ, ಇಡೀ ಮನೆಗೆ ಯಂತ್ರದಲ್ಲಿ ಅಚ್ಚಾದ ಕಲ್ಲಿನ ಚಿತ್ರವನ್ನು ಹಾಸುವುದು ನನಗೆ ತಿಳಿಯದ ಲೆಕ್ಕ. ಕೆಂಪು ನೆಲಕ್ಕೆ ಕೂದಲೆಳೆಯ ಬಿರುಕು ಬಂದರೆ ಬರಲಿ, ದೊಡ್ಡ ಕೋಣೆಯನ್ನು ಗಾಜಿನ ಅಥವಾ ಹಿತ್ತಾಳೆಯ ಪಟ್ಟಿಗಳಿಂದ ಚೌಕಗಳಾಗಿ ಬಿಡಿಸಿ ಹಾಕಿದರೆ ಬಿರುಕು ಹಬ್ಬುವುದೂ ಕಡಿಮೆಯಾಗುತ್ತದೆ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲನ್ನು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ತುಳಿಯುತ್ತಿದ್ದಾರೆ, ಬೇಸಗೆಯಲ್ಲಿ ಅದರ ಮೇಲೆ ಹಾಗೆಯೇ ಮಲಗುತ್ತಾರೆ. ಅದು ಸುಣ್ಣದ ಕಲ್ಲಾದ್ದರಿಂದ ಲಿಂಬೆರಸಕ್ಕೂ ಆಸಿಡ್ಡಿಗೂ ಸೋಲುತ್ತದೆಂಬುದು ನಿಜ. ಆಸಿಡ್ಡನ್ನು ಮನೆಗೆ ತರದಿದ್ದರಾಯಿತು.

ನೇಯ್ಗೆಯ ಬಟ್ಟೆಗಳು ಈ ವರ್ಷದ ಎಲ್ಲ ಪಟ್ಟಿಗಳಲ್ಲೂ ಇವೆ. ಅದಕ್ಕಾಗಿ ದೂರ ಹೋಗಬೇಕಿಲ್ಲ. ಗುಳೇದಗುಡ್ಡದ ಖಣದ ಬಟ್ಟೆಯಿಂದ ದಿಂಬಿನ ಗವಸು ಹೊಲಿಸಬಹುದು. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನೇಯುವ ಜಮಖಾನೆಯನ್ನು ಹಾಸಬಹುದು, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹಳೆಯ ಸೀರೆಗಳ ಕೌದಿಯನ್ನು ಸೋಫಾದ ಬೆನ್ನಿಗೆ ಹೊದಿಸಬಹುದು. ಮೂರನ್ನೂ ಗೃಹಪ್ರವೇಶದ ನಂತರ, ಒಂದೊಂದಾಗಿ, ಕೈಯಲ್ಲಿ ದುಡ್ಡು ಆದ ಹಾಗೆ ತರಬಹುದು. ನೀವು ಕೇಳಿದ ಮೂರನೆಯ ಪ್ರಶ್ನೆಗೆ ಇದೇ ನನ್ನ ಉತ್ತರ.

ನಂತರ ಮಾಡಿಸಲಾಗದ್ದು ದೀಪದ ವ್ಯವಸ್ಥೆ. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟಿನ ಕಾಲದಿಂದ 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ನೀಲಿ ಬಿಳುಪಿಗೆ ಕಣ್ಣು ಹೊಂದಿಕೊಂಡಿದೆ. ಮಣ್ಣುಬಣ್ಣದ ಗೋಡೆ, ಕಾಫಿ ಕಂದು ಬಾಗಿಲುಗಳನ್ನು ಮಾಡಿಸಿ ಅದೇ ದೀಪವನ್ನು ಹಾಕಿದರೆ ಎಲ್ಲವೂ ಕಳೆಗುಂದಿ ಕಾಣುತ್ತದೆ, ತ್ರೀಡಿ ಚಿತ್ರದಲ್ಲಿ ಕಂಡ ಮನೆ ಎಲ್ಲಿ ಹೋಯಿತು ಎನಿಸುತ್ತದೆ. ಅಂಥ ಚಿತ್ರಗಳನ್ನು ಸಾಮಾನ್ಯವಾಗಿ 3000 ಕೆಲ್ವಿನ್ನಿನಂಥ ಹಳದಿ ಬೆಳಕಿನಲ್ಲಿ ಮಾಡಿರುತ್ತಾರೆ. ಹಾಗೆಂದು ಎಲ್ಲ ಕಡೆ ಹಳದಿ ಹಾಕಿದರೆ ಮಗಳು ಓದುವುದು ಹೇಗೆ, ನೀವು ಅಕ್ಕಿ ಆರಿಸುವುದು ಹೇಗೆ? ಹಾಲಿಗೆ ಎರಡೂ ಬಗೆಯ ದೀಪಗಳಿಗೆ ಬೇರೆ ಬೇರೆ ಸ್ವಿಚ್ಚು ಕೊಡಿಸಿ, ಅಡುಗೆಕಟ್ಟೆಯ ಮೇಲಕ್ಕೆ 4000 ಕೆಲ್ವಿನ್ ಇರಲಿ. ಲ್ಯಾಮಿನೇಟಿನ ತುಣುಕುಗಳನ್ನು ಅಂಗಡಿಯ ಬೆಳಕಿನಲ್ಲಿ ಆರಿಸದೆ ನಿಮ್ಮ ಮನೆಯ ಗೋಡೆಗೆ ಹಿಡಿದು, ಹಗಲಿನಲ್ಲಿ ಒಮ್ಮೆ, ದೀಪ ಹಚ್ಚಿ ಒಮ್ಮೆ ನೋಡಿ.

ಫಾಲ್ಸ್ ಸೀಲಿಂಗ್ ಎಲ್ಲ ಕೋಣೆಗಳಿಗೂ ಏಕೆ ಬೇಕೋ ತಿಳಿಯದು. ಅಡಗಿಸಿದ ದೀಪದ ಸಂದಿನಲ್ಲಿ ಧೂಳೂ ಹಲ್ಲಿಗಳೂ ಸೇರಿಕೊಳ್ಳುತ್ತವೆ. ಹಾಲಿನ ಸುತ್ತಂಚಿಗೆ ಮಾತ್ರ ಒಂದು ಪಟ್ಟಿ ಹಾಕಿಸಿ, ಫ್ಯಾನಿನ ಜಾಗವನ್ನು ಸೂರಿನ ಎತ್ತರಕ್ಕೇ ಬಿಡಿ.

ಉತ್ತರ: ಹಿರಿಯರ ನಡಿಗೆ, ಶಿವಮೊಗ್ಗ

ನಿಮ್ಮ ಅತ್ತೆಯವರ ಮೊಣಕಾಲಿನ ಬಗ್ಗೆ ಇಷ್ಟು ಉತ್ತರಗಳಲ್ಲಿ ಒಂದು ಮಾತೂ ಬರಲಿಲ್ಲ. ಅವರ ಕೋಣೆ ನೆಲಮಹಡಿಯಲ್ಲೇ ಇರಲಿ, ಸ್ನಾನದ ಮನೆಯ ಬಾಗಿಲು ಸಾಮಾನ್ಯವಾಗಿ ಇಡುವ ಎರಡೂವರೆ ಅಡಿಗೆ ಬದಲಾಗಿ ಮೂರು ಅಡಿ ಇರಲಿ, ಹೊಸ್ತಿಲಿನಂಥ ಏರುತಗ್ಗು ಬೇಡ. ಟೈಲ್ಸ್ ಕೊಳ್ಳುವಾಗ ಜಾರುವಿಕೆಯ ದರ್ಜೆಯನ್ನು ಕೇಳಿ. ಒದ್ದೆಯಾಗುವ ಕಡೆ ಆರ್ 11 ಎಂದು ಗುರುತಿರುವುದನ್ನು ಆರಿಸಿ. ಕೆಂಪು ನೆಲಕ್ಕೆ ಎಣ್ಣೆ ಹಚ್ಚಿ ಹೊಳಪಿಡುವ ಪದ್ಧತಿ ನೋಡಲು ಚೆಂದ, ನೀರು ಬಿದ್ದರೆ ವಯಸ್ಸಾದವರಿಗೆ ಅದು ಅಪಾಯ. ಧಾರವಾಡದವರು ಹೇಳಿದ ಜಮಖಾನೆಯೂ ನುಣುಪು ನೆಲದ ಮೇಲೆ ಸರಿಯುತ್ತದೆ, ಅಡಿಗೆ ಹಿಡಿತದ ಹಾಸು ಇಲ್ಲದೆ ಅವರು ನಡೆಯುವ ದಾರಿಯಲ್ಲಿ ಅದನ್ನು ಹಾಕಬೇಡಿ. ತಗ್ಗಾದ ಸೋಫಾಗಳು ಈಗಿನ ಫ್ಯಾಷನ್ನು. ಅವುಗಳಿಂದ ಅವರಿಗೆ ಏಳಲಾಗುವುದಿಲ್ಲ, ಎರಡೂ ಬದಿಗೆ ಕೈಗಳಿರುವ ಎತ್ತರದ ಕುರ್ಚಿಯೊಂದು ಹಾಲಿನಲ್ಲಿ ಅವರದ್ದೆಂದೇ ಇರಲಿ.

ಮರುಪ್ರಶ್ನೆ: ಮೈಸೂರಿನ ಹೊಸಮನೆ

ಎಲ್ಲರಿಗೂ ಕೃತಜ್ಞತೆಗಳು. ಯಜಮಾನರೊಂದಿಗೆ ಕುಳಿತು ಎಲ್ಲವನ್ನೂ ಓದಿದೆವು. ಒಲೆ ಹೊರಗೋಡೆಗೆ ಹೋಯಿತು, ನಡುವೆ ಗಾಜಿನ ಬಾಗಿಲು ಬರುತ್ತದೆ. ಕಪ್ಪು ಕಲ್ಲಿನ ಲೆದರ್ ಫಿನಿಶ್ ತುಣುಕನ್ನು ನೋಡಿ ಅವರೂ ಒಪ್ಪಿದ್ದಾರೆ. ಫ್ಲೂಟೆಡ್ ಹಲಗೆ ಚಪ್ಪಲಿ ಗೂಡಿಗೆ ಇಳಿದಿದೆ. ಆ ವಿಷಯದಲ್ಲಿ ಅವರಿಗೆ ಇನ್ನೂ ಸ್ವಲ್ಪ ಬೇಸರವಿದೆ. ನೆಲದ ವಿಷಯದಲ್ಲಿ ಮಾತ್ರ ಸುಣ್ಣಗಾರೆಯವರೂ ಧಾರವಾಡದವರೂ ಎರಡು ದಿಕ್ಕಿಗೆ ಎಳೆದಿದ್ದೀರಿ. ಹಾಲಿಗೂ ಊಟದ ಜಾಗಕ್ಕೂ ರೆಡ್ ಆಕ್ಸೈಡ್ ಹಾಕಿಸಿ, ಅತ್ತೆಯವರ ಕೋಣೆಗೂ ಸ್ನಾನದ ಮನೆಗಳಿಗೂ ಮಂಕು ಟೈಲ್ಸ್ ಹಾಕಿಸಿದರೆ ಎರಡರ ಮಟ್ಟ ಸರಿಹೊಂದುತ್ತದೆಯೇ? ವೈಶಾಖದೊಳಗೆ ಅದು ಮುಗಿಯುತ್ತದೆಯೇ?

ಉತ್ತರ: ಸುಣ್ಣಗಾರೆ, ಬೆಂಗಳೂರು

ಮಟ್ಟ ಹೊಂದಿಸಬಹುದು, ಆದರೆ ಅದನ್ನು ಕೆಳಗಿನ ಕಾಂಕ್ರೀಟ್ ಹಾಸಿನಲ್ಲೇ ಸರಿಮಾಡಿಕೊಳ್ಳಬೇಕು. ಟೈಲ್ಸ್ ಮತ್ತು ಅದರ ಅಂಟುಗಾರೆಯ ದಪ್ಪವನ್ನು ಮೊದಲೇ ಅಳೆದು, ಕೆಂಪು ನೆಲ ಬರುವ ಕಡೆಯ ಹಾಸನ್ನು ಅಷ್ಟೇ ಎತ್ತರಿಸಿ, ಎರಡೂ ಸೇರುವ ಬಾಗಿಲ ಕೆಳಗೆ ಹಿತ್ತಾಳೆಯ ಪಟ್ಟಿಯೊಂದನ್ನು ಸಮನಾಗಿ ಕೂರಿಸಿದರೆ ಅತ್ತೆಯವರ ಕಾಲಿಗೆ ಏನೂ ತಾಗುವುದಿಲ್ಲ. ಎಣ್ಣೆ ಬೇಡ, ತೆಳುವಾಗಿ ಮೇಣ ಹಚ್ಚಿಸಿ ಮಂಕಾಗಿಯೇ ಬಿಡಿಸಿ. ಧಾರವಾಡದವರು ನನ್ನನ್ನು ಇಷ್ಟರಮಟ್ಟಿಗೆ ಒಪ್ಪಿಸಿದ್ದಾರೆ. ಹಾಕಿಸುವ ಮುನ್ನ ಆ ಗಾರೆಯವರು ಐದಾರು ವರ್ಷದ ಹಿಂದೆ ಮಾಡಿದ ನೆಲವೊಂದನ್ನು ಕಣ್ಣಾರೆ ನೋಡಿ ಬನ್ನಿ. ಹೊಸದು ಎಲ್ಲರದೂ ಚೆನ್ನಾಗಿರುತ್ತದೆ.

ಸಮಯದ ಮಟ್ಟಿಗೆ ಹೇಳುವುದಾದರೆ, ವಿದ್ಯುತ್ ಮತ್ತು ನೀರಿನ ಕೊಳವೆಗಳ ಕೆಲಸ ಮುಗಿದ ಕೂಡಲೇ, ಮರಗೆಲಸಕ್ಕಿಂತ ಮೊದಲೇ ನೆಲವನ್ನು ಹಾಕಿಸಿ, ನೀರುಣಿಸಿ ಒಣಗಿದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನೂ ಹಾಸಿ ಮುಚ್ಚಿಸಿ. ಬಡಗಿಗಳು ಅದರ ಮೇಲೆ ಕೆಲಸ ಮಾಡಬಹುದು. ಗೃಹಪ್ರವೇಶದ ಹೋಮದ ದಿನ ಹೋಮಕುಂಡದ ಕೆಳಗೆ ಇಟ್ಟಿಗೆ, ಮರಳು ಹಾಸುವುದನ್ನು ಪುರೋಹಿತರಿಗೆ ಮೊದಲೇ ತಿಳಿಸಿ. ಹಾಗೆಯೇ ಸ್ನಾನದ ಮನೆಯ ಗೋಡೆಗೆ ಟೈಲ್ಸ್ ಅಂಟಿಸುವ ಮುನ್ನ ಅತ್ತೆಯವರು ಹಿಡಿದುಕೊಳ್ಳುವ ಹಿಡಿಗಳು ಎಲ್ಲಿ ಬರಬೇಕೆಂಬುದನ್ನು ಅವರನ್ನೇ ನಿಲ್ಲಿಸಿ ಗುರುತುಮಾಡಿ, ಅಲ್ಲಿ ಕೊಳವೆ ಹಾದುಹೋಗಿಲ್ಲವೆಂದು ಖಚಿತಪಡಿಸಿಕೊಂಡು, ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ.